ಹಳದಿ ಬಿದ್ದಾಗ ಬ್ರೇಕೋ, ಆಕ್ಸಿಲರೇಟರೋ?

ಸಿಗ್ನಲ್ ಕ್ಯಾಮೆರಾ ಮತ್ತು ಚಲನ್ ಬಗ್ಗೆ ಓದುಗರು ಕಳಿಸಿದ ಪತ್ರಗಳಲ್ಲಿ ಬಹುಪಾಲು ‘ನನ್ನ ತಪ್ಪೇನೂ ಇಲ್ಲ’ ಎಂದೇ ಶುರುವಾಗುತ್ತವೆ. ಕೆಲವರದು ನಿಜಕ್ಕೂ ತಪ್ಪಿಲ್ಲ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಹೊರವರ್ತುಲ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುವಾಗ ಜಂಕ್ಷನ್ ಹತ್ತಿರ ಬರುತ್ತಿದ್ದಂತೆ ಹಳದಿ ಬೀಳುತ್ತದೆ. ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ, ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ. ಯಾವುದು ಸರಿ?
— ಪ್ರಶಾಂತ, ಮಾರತ್ತಹಳ್ಳಿ

ಲೆಕ್ಕ ಹಾಕಿ ನೋಡಿದರೆ ನಿಮ್ಮ ಗೊಂದಲಕ್ಕೆ ಕಾರಣವಿದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಹಳದಿ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್, ಅಂದರೆ 17 ಮೀಟರ್ ಕಳೆದಿರುತ್ತದೆ. ಹಿಂದೆ ಕೂತವರು ಮುಗ್ಗರಿಸದ ಹಾಗೆ, ಪ್ರತಿ ಸೆಕೆಂಡಿಗೆ 11 ಕಿ.ಮೀ.ನಷ್ಟು ವೇಗ ಇಳಿಯುವಂತೆ ಹದವಾಗಿ ಬ್ರೇಕ್ ಹಾಕಿದರೆ ನಿಲ್ಲಲು ಮತ್ತೆ 46 ಮೀಟರ್ ಬೇಕು. ಒಟ್ಟು 63 ಮೀಟರ್. ಹಳದಿ ಮೂರೇ ಸೆಕೆಂಡ್ ಇದ್ದರೆ ಅದೇ ವೇಗದಲ್ಲಿ ನೀವು ಸಾಗುವುದು 50 ಮೀಟರ್. ಹಳದಿ ಬಿದ್ದ ಗಳಿಗೆಯಲ್ಲಿ ಸ್ಟಾಪ್ ಲೈನಿನಿಂದ 50ರಿಂದ 63 ಮೀಟರ್ ದೂರದಲ್ಲಿ ಇದ್ದವರು ಸುಖವಾಗಿ ನಿಲ್ಲುವಂತಿಲ್ಲ, ಕೆಂಪಿಗೆ ಮುಂಚೆ ದಾಟುವಂತೆಯೂ ಇಲ್ಲ. 1960ರಲ್ಲಿ ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್, ಅಲೆಕ್ಸಿ ಮರದುದಿನ್ ಎಂಬ ಮೂವರು ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. 60ರಲ್ಲಿ ವಾಹನ ಓಡುವ ರಸ್ತೆಗೆ ಹಳದಿ ಸುಮಾರು 3.8 ಸೆಕೆಂಡ್ ಇರಬೇಕು. ಅಷ್ಟು ಇಲ್ಲದಿದ್ದರೆ ತಪ್ಪು ಸಿಗ್ನಲ್ ಹೊಂದಿಸಿದವರದು, ನಿಮ್ಮದಲ್ಲ.

ಆದರೆ ಅದೇ ಲೆಕ್ಕವನ್ನು 40ಕ್ಕೆ ಹಾಕಿ. ನಿಲ್ಲಲು 32 ಮೀಟರ್ ಸಾಕು, ಮೂರು ಸೆಕೆಂಡಿನಲ್ಲಿ ಸಾಗುವುದು 33 ಮೀಟರ್. ಸಿಕ್ಕಿಬೀಳುವ ಜಾಗವೇ ಉಳಿಯಲಿಲ್ಲ. ಆದ್ದರಿಂದ ಹಸಿರೇ ಇದ್ದರೂ ಜಂಕ್ಷನ್ನಿಗೆ ನೂರು ಮೀಟರ್ ಇರುವಾಗಲೇ ಆಕ್ಸಿಲರೇಟರ್ ಬಿಟ್ಟು 40ಕ್ಕೆ ಇಳಿಯಿರಿ. ಲೈನಿನಿಂದ ಎಂಟು ಕಾರಿನ ಉದ್ದದಷ್ಟು ಹಿಂದೆ ಒಂದು ಕಂಬವನ್ನೋ ಮರವನ್ನೋ ಗುರುತಿಟ್ಟುಕೊಳ್ಳಿ. ಅದನ್ನು ದಾಟಿದ ಮೇಲೆ ಹಳದಿ ಬಿದ್ದರೆ ವೇಗ ಏರಿಸದೆ ಹಾಗೇ ಹೋಗಿ, ದಾಟುವ ಮೊದಲೇ ಬಿದ್ದರೆ ನಿಲ್ಲಿ. ದಿನಾ ಓಡಾಡುವ ದಾರಿಯಾದರೆ ಒಂದು ವಾರದಲ್ಲಿ ಇದು ಕಣ್ಣಿಗೆ ರೂಢಿಯಾಗುತ್ತದೆ. ಮಳೆಯಲ್ಲಿ ಬ್ರೇಕ್ ಕಚ್ಚುವುದು ಕಡಿಮೆ. 40ರಲ್ಲೇ 42 ಮೀಟರ್ ಬೇಕಾಗಬಹುದು, ಹಾಗಾಗಿ 30ಕ್ಕೆ ಇಳಿಸಿ.

ಹಿಂದಿನವನ ಭಯಕ್ಕೆ ಮದ್ದು ಕನ್ನಡಿ. ಜಂಕ್ಷನ್ ಹತ್ತಿರ ಬಂದಾಗಲೆಲ್ಲ ಒಮ್ಮೆ ನೋಡಿ, ಬಸ್ಸೋ ಟಿಪ್ಪರೋ ಅಂಟಿಕೊಂಡು ಬರುತ್ತಿದ್ದರೆ ಬ್ರೇಕನ್ನು ಎರಡು ಸಲ ಸುಮ್ಮನೆ ಮುಟ್ಟಿ ಬಿಡಿ. ಹಿಂದಿನ ಕೆಂಪು ದೀಪ ಮಿನುಗಿದರೆ ಅವನ ಕಾಲೂ ಬ್ರೇಕಿನ ಮೇಲೆ ಬರುತ್ತದೆ.

ಹಸಿರಿದ್ದಾಗಲೇ ಲೈನ್ ದಾಟಿದೆ. ಮುಂದೆ ಜಾಮ್ ಆಗಿ ಜಂಕ್ಷನ್ ಮಧ್ಯದಲ್ಲಿ ನಿಂತೆ, ಅಷ್ಟರಲ್ಲಿ ಕೆಂಪು ಬಿತ್ತು. ನನಗೂ ದಂಡ ಬೀಳುತ್ತದೆಯೇ?
— ಸುಜಾತಾ, ಜಯನಗರ

ಸಿಗ್ನಲ್ ಜಂಪ್ ಎಂದು ಬೀಳಬಾರದು. ಕ್ಯಾಮೆರಾ ನೋಡುವುದು ನೀವು ಎಲ್ಲಿದ್ದೀರಿ ಎಂದಲ್ಲ, ಲೈನನ್ನು ಯಾವಾಗ ದಾಟಿದಿರಿ ಎಂದು.

ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಶುರುವಾದ ವ್ಯವಸ್ಥೆಯಲ್ಲಿ 50 ಜಂಕ್ಷನ್‌ಗಳಿಗೆ 250 ನಂಬರ್ ಪ್ಲೇಟ್ ಓದುವ ಕ್ಯಾಮೆರಾ, 80 ಕೆಂಪು ದೀಪದ ಕ್ಯಾಮೆರಾ ಹಾಕಿದರು. ಎರಡರ ಕೆಲಸ ಬೇರೆ. ಒಂದು ಅಗಲವಾಗಿ ನೋಡುತ್ತದೆ: ದೀಪ, ಸ್ಟಾಪ್ ಲೈನ್, ವಾಹನ ಮೂರೂ ಒಂದೇ ಚೌಕಟ್ಟಿನಲ್ಲಿ. ಇನ್ನೊಂದು ಲೇನಿನ ಮೇಲೆ ಬಿಗಿಯಾಗಿ ಕಣ್ಣಿಟ್ಟು ಪ್ಲೇಟ್ ಓದುತ್ತದೆ, ರಾತ್ರಿ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲೂ. ಸಾಫ್ಟ್‌ವೇರಿನಲ್ಲಿ ಸ್ಟಾಪ್ ಲೈನಿನ ಮೇಲೆ ಒಂದು ಗೆರೆ ಎಳೆದಿರುತ್ತಾರೆ. ಕೆಂಪು ಬಿದ್ದ ಮೇಲೆ ಆ ಗೆರೆ ದಾಟಿದ ವಾಹನದ ಚಿತ್ರಗಳು ಮಾತ್ರ ಉಳಿಯುತ್ತವೆ: ಗೆರೆಯ ಹಿಂದೆ ಇರುವಾಗಿನದು, ದಾಟಿದ ಮೇಲಿನದು, ಪ್ಲೇಟಿನದು. ಹಳೆಯ ಕಾಲದ ಕ್ಯಾಮೆರಾಗಳಿಗೆ ಡಾಂಬರಿನ ಅಡಿಯಲ್ಲಿ ತಂತಿಯ ಸುರುಳಿ ಹೂಳುತ್ತಿದ್ದರು, ಮೇಲೆ ಲೋಹ ಹಾದರೆ ಅದಕ್ಕೆ ಗೊತ್ತಾಗುತ್ತಿತ್ತು. ರಸ್ತೆ ಅಗೆದಾಗಲೆಲ್ಲ ತಂತಿ ಕಡಿಯುತ್ತಿತ್ತು. ನಮ್ಮೂರಲ್ಲಿ ಆ ವಿಧಾನ ಎಷ್ಟು ದಿನ ಬಾಳುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಮಾತ್ರ ಒಪ್ಪಿಕೊಳ್ಳಿ. ಜಂಕ್ಷನ್ನಿನ ಆಚೆ ನಿಮ್ಮ ಕಾರಿಗೆ ಜಾಗ ಕಾಣದಿದ್ದರೆ ಹಸಿರಿದ್ದರೂ ಲೈನಿನ ಹಿಂದೆಯೇ ನಿಲ್ಲಬೇಕಿತ್ತು. ಹಿಂದಿನವರು ಹಾರನ್ ಬಾರಿಸುತ್ತಾರೆ, ಬಾರಿಸಲಿ.

ನನ್ನದು ಬಿಳಿ ಸ್ಕೂಟರ್. ಚಲನ್‌ನಲ್ಲಿ ಇರುವುದು ಕಪ್ಪು ಬೈಕ್. ನಂಬರ್ ಮಾತ್ರ ನನ್ನದೇ!
— ಮಂಜುನಾಥ ಎಸ್., ರಾಜಾಜಿನಗರ

ಮೊದಲು ಒಂದು ಎಚ್ಚರಿಕೆ: ‘ಐನೂರು ರೂಪಾಯಿ ತಾನೇ’ ಎಂದು ಕಟ್ಟಿಬಿಡಬೇಡಿ. ದಂಡ ಕಟ್ಟಿದರೆ ತಪ್ಪೊಪ್ಪಿಕೊಂಡು ರಾಜಿಯಾದ ಹಾಗೆ. ಆಮೇಲೆ ಜಗಳಕ್ಕೆ ದಾರಿಯಿಲ್ಲ.

ಸಂಚಾರ ಪೊಲೀಸರ ಜಾಲತಾಣದಲ್ಲಿ ನಿಮ್ಮ ನಂಬರ್ ಹಾಕಿ ಫೋಟೊ ತೆರೆದು, ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಓದಿ. ಯಂತ್ರ ಎಡವುವುದು ಸಾಮಾನ್ಯವಾಗಿ ಇಲ್ಲೇ: ಸೊನ್ನೆ ಮತ್ತು ‘ಡಿ’, ಎಂಟು ಮತ್ತು ‘ಬಿ’, ಒಂದು ಮತ್ತು ‘ಐ’, ‘ಎಂ’ ಮತ್ತು ‘ಎನ್’. ಪ್ಲೇಟಿನ ಸ್ಕ್ರೂ ಅಕ್ಷರದ ಮೇಲೆ ಬಂದರೂ, ಕೆಸರು ಮೆತ್ತಿದರೂ ಎಂಟು ಮೂರಾಗುತ್ತದೆ. ಓದಿದ್ದು ತಪ್ಪು ಎಂದಾದರೆ ಕೆಲಸ ಸುಲಭ. ಚಲನ್ ಪ್ರತಿ, ಆರ್‌ಸಿ, ಸ್ಕೂಟರಿನ ಹಿಂದೆ ಮುಂದೆ ತೆಗೆದ ಎರಡು ಫೋಟೊ ಇಟ್ಟು ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರಕ್ಕೆ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ.

ಯಂತ್ರ ಸರಿಯಾಗಿಯೇ ಓದಿದ್ದು, ಆ ಕಪ್ಪು ಬೈಕಿನ ಮೇಲೆ ನಿಜವಾಗಿಯೂ ನಿಮ್ಮ ನಂಬರೇ ಇದ್ದರೆ ವಿಷಯ ಬೇರೆ. ಯಾರೋ ನಿಮ್ಮ ನಂಬರನ್ನು ನಕಲು ಮಾಡಿದ್ದಾರೆ. ಆ ಬೈಕು ನಾಳೆ ಅಪಘಾತ ಮಾಡಿ ಓಡಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ. ಅದೇ ದಿನ ಹತ್ತಿರದ ಠಾಣೆಯಲ್ಲಿ ಬರಹದಲ್ಲಿ ದೂರು ಕೊಡಿ.

ಚಲನ್‌ನಲ್ಲಿ ಏನಿರಬೇಕು ಎಂಬುದೂ ತಿಳಿದಿರಲಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದಂತೆ ತಪ್ಪು ಮತ್ತು ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೊ, ದಿನಾಂಕ, ಹೊತ್ತು, ಜಾಗ, ಯಾವ ಕಲಂ ಎಂಬ ವಿವರ, ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಪ್ರಮಾಣಪತ್ರ ಹಿಂದೆ ಸಾಕ್ಷ್ಯ ಅಧಿನಿಯಮದ 65ಬಿ ಅಡಿಯಲ್ಲಿ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆ ಜಾಗಕ್ಕೆ ಬಂದಿದೆ. ನೋಟಿಸು ತಪ್ಪು ನಡೆದ 15 ದಿನದೊಳಗೆ ಕಳಿಸಬೇಕು ಎಂದೂ ಅದೇ ನಿಯಮ ಹೇಳಿತ್ತು. ಫೋಟೊದಲ್ಲಿ ದೀಪವೇ ಕಾಣದಿದ್ದರೆ, ಲೈನ್ ಅಳಿಸಿಹೋಗಿದ್ದರೆ ಅರ್ಜಿಯಲ್ಲಿ ಬರೆಯಬೇಕಾದ ಮೊದಲ ಸಾಲು ಅದೇ.

ಟೈಮರ್ ಇದ್ದಾಗ ಎಷ್ಟು ಚೆನ್ನಾಗಿತ್ತು. ಯಾಕೆ ತೆಗೆದರು?
— ರಂಗಸ್ವಾಮಿ, ವಿಜಯನಗರ

ಎಣಿಕೆ ಮುಂಚೆಯೇ ಗೊತ್ತಿದ್ದರೆ ತಾನೇ ತೋರಿಸುವುದು? ವಾಹನದ ದಟ್ಟಣೆ ನೋಡಿ ಹಸಿರಿನ ಹೊತ್ತನ್ನು ಆಗಾಗ ಹಿಗ್ಗಿಸುವ, ಕುಗ್ಗಿಸುವ ಹೊಂದಾಣಿಕೆಯ ಸಿಗ್ನಲ್‌ಗಳಲ್ಲಿ ಇನ್ನೆಷ್ಟು ಸೆಕೆಂಡ್ ಎಂಬುದು ಯಂತ್ರಕ್ಕೇ ಗೊತ್ತಿರುವುದಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಹೋದದ್ದು ಒಳ್ಳೆಯದೇ. ಟೈಮರ್ ‘3’ ತೋರಿಸುವಾಗಲೇ ಮುಂದಿನ ಸಾಲಿನ ಬೈಕುಗಳು ಕ್ಲಚ್ ಬಿಡುತ್ತಿದ್ದವು. ಅಡ್ಡ ರಸ್ತೆಯಿಂದ ಹಳದಿಯ ಕೊನೆಯಲ್ಲಿ ನುಗ್ಗಿದವನು 30 ಮೀಟರ್ ಅಗಲದ ಜಂಕ್ಷನ್ ದಾಟಲು, 30 ಕಿ.ಮೀ. ವೇಗದಲ್ಲಿ, 3.6 ಸೆಕೆಂಡ್ ಬೇಕು. ಎಲ್ಲ ದಿಕ್ಕಿಗೂ ಕೆಂಪು ಇರುವ ಒಂದೆರಡು ಸೆಕೆಂಡ್ ಇಟ್ಟಿರುವುದು ಅವನು ಆಚೆ ಸೇರಲಿ ಎಂದು. ತಡವಾಗಿ ನುಗ್ಗಿದವನು ಒಬ್ಬನೇ ಇದ್ದರೆ ಹೆಚ್ಚಿನ ಸಲ ಪಾರಾಗುತ್ತಾನೆ, ಬೇಗ ಹೊರಟವನು ಒಬ್ಬನೇ ಇದ್ದರೂ ಅಷ್ಟೇ. ಇಬ್ಬರೂ ಒಂದೇ ಗಳಿಗೆಯಲ್ಲಿ ಸೇರಿದಾಗ ಪಕ್ಕಕ್ಕೆ ಗುದ್ದುವ ಅಪಘಾತ ಆಗುತ್ತದೆ, ಕಾರಿನ ಬಾಗಿಲಿಗೂ ಬೈಕ್ ಸವಾರನ ಮೊಣಕಾಲಿಗೂ ಅದನ್ನು ತಡೆಯುವ ಶಕ್ತಿಯಿಲ್ಲ. ಅದಕ್ಕೇ ಹಸಿರು ಬಿದ್ದ ಮೇಲೂ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ನೋಡಿ ಹೊರಡಿ. ಎಡಬದಿಯಲ್ಲಿ ಓಡಿಸುವ ನಮ್ಮ ದೇಶದಲ್ಲಿ ಅಡ್ಡ ಬರುವವನು ಮೊದಲು ತಗಲುವುದು ಬಲದಿಂದ.

ಸ್ಟಾಪ್ ಲೈನ್ ದಾಟಿ, ಜೀಬ್ರಾ ಪಟ್ಟಿ ತುಂಬಿ ನಿಲ್ಲುವವರ ಕಷ್ಟ ಇನ್ನೊಂದು. ಕಂಬದ ದೀಪ ಅವರ ಬೆನ್ನ ಹಿಂದೆ ಹೋಗಿರುತ್ತದೆ. ಕತ್ತು ತಿರುಗಿಸಿ ನೋಡುವ ಬದಲು ಅಡ್ಡ ರಸ್ತೆಯವರು ನಿಂತರೇ ಎಂದು ನೋಡಿ ಹೊರಡುತ್ತಾರೆ. ಕ್ಯಾಮೆರಾಕ್ಕೆ ಸ್ಟಾಪ್ ಲೈನ್ ಉಲ್ಲಂಘನೆಯೂ ಬೇರೆ ತಪ್ಪಾಗಿಯೇ ಸಿಗುತ್ತದೆ. ಪೊಲೀಸಪ್ಪ ಇಲ್ಲದಿದ್ದರೂ.

ಆಂಬುಲೆನ್ಸಿಗೆ ದಾರಿ ಬಿಡಲು ಕೆಂಪಿನಲ್ಲಿ ಮುಂದೆ ಸರಿದೆ. ಇನ್ನೊಮ್ಮೆ ಪೊಲೀಸರೇ ಕೈ ಬೀಸಿ ಕಳಿಸಿದರು. ಎರಡಕ್ಕೂ ದಂಡ ಕಟ್ಟಬೇಕಾ?
— ನಾಗರತ್ನ, ಮಲ್ಲೇಶ್ವರ

ಸಮವಸ್ತ್ರದಲ್ಲಿ ಸಂಚಾರ ನಿಯಂತ್ರಿಸುವ ಪೊಲೀಸರ ಕೈಸನ್ನೆಗೆ ದೀಪಕ್ಕಿಂತ ಹೆಚ್ಚಿನ ಮಾನ್ಯತೆ. ಇನ್ನು ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 194ಇ ಕಲಂ ಪ್ರಕಾರ 10,000 ರೂ. ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆ, ಎರಡೂ ಆಗಬಹುದು. ನೀವು ಸರಿದದ್ದು ಸರಿ, ಆದರೆ ಹೇಗೆ ಸರಿದಿರಿ ಎಂಬುದು ಮುಖ್ಯ. ಲೈನಿನಿಂದ ಒಂದು ಕಾರಿನಷ್ಟು ಮಾತ್ರ ಮುಂದೆ ಹೋಗಿ, ಎಡಕ್ಕೆ ವಾಲಿ, ಅಲ್ಲೇ ನಿಲ್ಲಬೇಕು. ಆಂಬುಲೆನ್ಸಿನ ಬಾಲ ಹಿಡಿದು ಜಂಕ್ಷನ್ ದಾಟಿದರೆ ಅದು ಜಂಪ್. ಚಲನ್ ಬಂದರೆ ಅರ್ಜಿಯಲ್ಲಿ ದಿನ, ಹೊತ್ತು, ಜಂಕ್ಷನ್ ಬರೆದು ಆಗಿನ ವಿಡಿಯೊ ನೋಡುವಂತೆ ಕೇಳಿ. ಕಾರಿನ ಡ್ಯಾಶ್ ಕ್ಯಾಮೆರಾ ಇದ್ದರೆ ಆ ತುಣುಕನ್ನು ಅದೇ ಸಂಜೆ ಬೇರೆಡೆ ಉಳಿಸಿಕೊಳ್ಳಿ. ಕಾರ್ಡ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ.

ಎಡಕ್ಕೆ ತಿರುಗುವುದು ಯಾವಾಗಲೂ ಫ್ರೀ ಅಲ್ಲವೇ?
— ಕಿರಣ್, ಹುಬ್ಬಳ್ಳಿ

ಅಲ್ಲ. ಫಲಕವೋ ಹಸಿರು ಬಾಣವೋ ಇದ್ದಲ್ಲಿ ಮಾತ್ರ. ಇದ್ದರೂ ಜೀಬ್ರಾ ಮೇಲೆ ನಡೆಯುವವರಿಗೆ ಮೊದಲ ದಾರಿ.

ಟೆಕ್ಸಾಸ್‌ನಲ್ಲಿ 2019ರಲ್ಲೇ ಈ ಕ್ಯಾಮೆರಾಗಳನ್ನು ಕಾನೂನು ಮಾಡಿ ನಿಲ್ಲಿಸಿದರು. ಬೆಂಗಳೂರಿಗೆ ಯಾಕೆ ಬೇಕು?
— ಶ್ರೀಧರ, ಡಲ್ಲಾಸ್

ಅಮೆರಿಕದಲ್ಲಿ ವಾದ ಎರಡೂ ಕಡೆ ಇದೆ. ಅಲ್ಲಿನ ಕೇಂದ್ರ ಹೆದ್ದಾರಿ ಆಡಳಿತ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಮೆರಾ ಹಾಕಿದ ಜಂಕ್ಷನ್‌ಗಳಲ್ಲಿ ಅಡ್ಡಕ್ಕೆ ಗುದ್ದುವ ಅಪಘಾತ ಶೇ 24.6 ಇಳಿದಿತ್ತು, ಹಿಂದಿನಿಂದ ಗುದ್ದುವುದು ಶೇ 14.9 ಏರಿತ್ತು. ಹಳದಿ ಕಂಡು ಗಕ್ಕನೆ ಬ್ರೇಕ್ ಹಾಕುವವರು ಹೆಚ್ಚಾದರು ಎಂದು ಅರ್ಥ. ಹಿಂದಿನಿಂದ ಗುದ್ದಿದರೆ ಸಾಮಾನ್ಯವಾಗಿ ಬಂಪರ್ ಹೋಗುತ್ತದೆ, ಪಕ್ಕಕ್ಕೆ ಗುದ್ದಿದರೆ ಜೀವ. ಆದರೆ ಅಲ್ಲಿನ ಲೆಕ್ಕವನ್ನು ಹಾಗೇ ಇಲ್ಲಿಗೆ ತರುವಂತಿಲ್ಲ. ನಮ್ಮಲ್ಲಿ ಕಾರಿನ ಮುಂದೆ ಗಕ್ಕನೆ ನಿಲ್ಲುವುದು ಹೆಚ್ಚಾಗಿ ಬೈಕು, ಅದಕ್ಕೆ ಬಂಪರ್ ಇಲ್ಲ. ಹಾಗಾಗಿ ಇಲ್ಲಿ ಕ್ಯಾಮೆರಾದ ಜತೆಗೆ ಸಾಕಷ್ಟು ಉದ್ದದ ಹಳದಿ ಇರಲೇಬೇಕು. ಒಂದನ್ನು ಹಾಕಿ ಇನ್ನೊಂದನ್ನು ಮರೆತರೆ ದಂಡ ಮಾತ್ರ ಬರುತ್ತದೆ.

ಕನ್ನಡ ಅಂಕಿಯ ನಂಬರ್ ಪ್ಲೇಟನ್ನು ಕ್ಯಾಮೆರಾ ಓದುವುದಿಲ್ಲವಂತೆ, ಹೌದೇ?
— ಚಂದ್ರು, ಮಂಡ್ಯ

ಓದಲಿ ಬಿಡಲಿ, ಕೇಂದ್ರ ನಿಯಮದಂತೆ ಅಕ್ಷರ ಇಂಗ್ಲಿಷಿನಲ್ಲೂ ಅಂಕಿ 1, 2, 3 ರೂಪದಲ್ಲೂ ಇರಬೇಕು. ದೋಷದ ಪ್ಲೇಟಿಗೆ ಬೇರೆ ಕೇಸು. ಕನ್ನಡ ಪ್ರೀತಿಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬೇಕಾದಷ್ಟು ಜಾಗವಿದೆ.

ಮಾರಿದ ಕಾರಿನ ಸಿಗ್ನಲ್ ಜಂಪ್ ಚಲನ್‌ಗಳು ಈಗಲೂ ನನ್ನ ಮೊಬೈಲಿಗೇ ಬರುತ್ತಿವೆ.
— ವೆಂಕಟೇಶ್, ತುಮಕೂರು

ಆರ್‌ಸಿಯಲ್ಲಿ ಹೆಸರು ಬದಲಾಗಿಲ್ಲ ಎಂದು ಅರ್ಥ. ಕ್ಯಾಮೆರಾಕ್ಕೆ ಚಾಲಕ ಯಾರೆಂದು ಗೊತ್ತಿಲ್ಲ, ನೋಟಿಸು ದಾಖಲೆಯಲ್ಲಿರುವ ಮಾಲೀಕರಿಗೇ ಹೋಗುತ್ತದೆ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ನಮೂನೆ 29ರಲ್ಲಿ ಆರ್‌ಟಿಒಗೆ ತಿಳಿಸುವುದು ಮಾರಿದವರ ಹೊಣೆ. ನಮೂನೆ 30 ವರ್ಗಾವಣೆಯ ಅರ್ಜಿ. ಏಜೆಂಟರ ಕೈಗೆ ಖಾಲಿ ನಮೂನೆಗೆ ಸಹಿ ಹಾಕಿಕೊಟ್ಟು ಮರೆತರೆ ಹೀಗಾಗುತ್ತದೆ. ಈಗಲಾದರೂ ಮಾರಾಟದ ಪತ್ರ, ಹಣ ಬಂದ ಬ್ಯಾಂಕ್ ದಾಖಲೆ, ಕೊಂಡವರ ಗುರುತಿನ ಪ್ರತಿ ಹಿಡಿದು ಆರ್‌ಟಿಒಗೆ ಹೋಗಿ. ಅವೇ ಕಾಗದಗಳ ಇನ್ನೊಂದು ಪ್ರತಿಯನ್ನು ಸಂಚಾರ ಪೊಲೀಸರಿಗೆ ಕೊಟ್ಟು, ಮಾರಿದ ದಿನಾಂಕದ ನಂತರದ ಚಲನ್‌ಗಳ ಸಂಖ್ಯೆಯನ್ನು ಒಂದೊಂದಾಗಿ ಅರ್ಜಿಯಲ್ಲಿ ಬರೆಯಿರಿ. ಇನ್ನು ಮುಂದೆ ಗಾಡಿ ಮಾರುವಾಗ, ಕೀಲಿ ಕೊಟ್ಟ ದಿನದ ಜತೆ ಹೊತ್ತನ್ನೂ ಬರೆಸಿಕೊಳ್ಳಿ. ಬೆಳಿಗ್ಗೆ ಮಾರಿ ಮಧ್ಯಾಹ್ನಕ್ಕೇ ಚಲನ್ ಬಂದರೆ ತಾರೀಕು ಒಂದೇ ಸಾಲದು.