ಅಥೆನ್ಸ್‌ನ ಗೂಬೆ ನಾಣ್ಯದ ಮೇಲೆ ಉಳಿಯ ಕಚ್ಚು ಏಕೆ?

ಗೂಬೆಯ ತಲೆಯನ್ನೇ ಸೀಳಿದಂತೆ ಕಚ್ಚು ಬಿದ್ದಿರುವ ಅಥೆನ್ಸ್‌ನ ಬೆಳ್ಳಿ ನಾಣ್ಯದ ಚಿತ್ರವನ್ನು ಕಂಡು, ಇದು ಖೋಟಾ ನಾಣ್ಯವೆಂಬುದರ ಗುರುತೇ ಎಂದು ನೀವು ಕೇಳಿದ್ದೀರಿ. ಅಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಅದು ನಾಣ್ಯವನ್ನು ಯಾರೋ ಪರೀಕ್ಷಿಸಿದ್ದಾರೆ ಎಂಬುದರ ಗುರುತು ಮಾತ್ರ.

ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವತೆ, ಇನ್ನೊಂದು ಬದಿಯಲ್ಲಿ ಗೂಬೆ ಮತ್ತು ಆಲಿವ್ ಚಿಗುರು ಇರುವ ಈ ನಾಲ್ಕು ದ್ರಾಕ್ಮಾ ನಾಣ್ಯದ ತೂಕ ಸುಮಾರು 17.2 ಗ್ರಾಂ. ಅಥೆನ್ಸ್ ಸೀಮೆಯ ಲಾರಿಯನ್ ಗಣಿಗಳ ಬೆಳ್ಳಿಯಿಂದ ಟಂಕಿಸಿದ ಇವು ಈಜಿಪ್ಟ್, ಸಿರಿಯಾಗಳವರೆಗೂ ಹೋದವು. ಅಲ್ಲಿನ ವರ್ತಕನಿಗೆ ಅದು ತಕ್ಕಡಿಗೆ ಹಾಕುವ ಬೆಳ್ಳಿಯ ಗಟ್ಟಿಯಷ್ಟೇ. ಆದ್ದರಿಂದ ಮೇಲೆ ಬೆಳ್ಳಿ, ಒಳಗೆ ತಾಮ್ರ ಇರಬಹುದೆಂಬ ಅನುಮಾನ ಬಂದರೆ ಚಿತ್ರದ ಅಂದವನ್ನು ಲೆಕ್ಕಿಸದೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ನೋಡುತ್ತಿದ್ದ.

ಅನುಮಾನಕ್ಕೆ ಕಾರಣವೂ ಇತ್ತು. ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವಿನ ಪೆಲೊಪೊನೀಸಿಯನ್ ಯುದ್ಧದಲ್ಲಿ, ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸ್ ಸಮೀಪದ ಡಿಕೆಲಿಯದಲ್ಲಿ ನೆಲೆಯೂರಿದ ಮೇಲೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಅಥೆನ್ಸ್‌ನವರ ಕೈತಪ್ಪಿ ಓಡಿಹೋದರೆಂದು ಅಂದಿನ ಇತಿಹಾಸಕಾರ ತ್ಯೂಸಿಡಿಡೀಸ್ ಬರೆಯುತ್ತಾನೆ. ಗಣಿಯ ಕೆಲಸ ಕುಸಿಯಿತು, ಯುದ್ಧದ ಕೊನೆಯ ವರ್ಷಗಳಲ್ಲಿ ನಗರವೇ ತಾಮ್ರಕ್ಕೆ ಬೆಳ್ಳಿಯ ಹೊದಿಕೆ ಕೊಟ್ಟು ನಾಣ್ಯ ಹೊರಡಿಸಿತು. ಸರ್ಕಾರವೇ ಹೀಗೆ ಮಾಡಿದ ಮೇಲೆ ಚಿನಿವಾರನೊಬ್ಬನ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ!

ಆದರೆ ನಿಮ್ಮ ಊಹೆ ಸರಿಹೊಂದುವ ಸ್ಥಳವೊಂದಿದೆ, ಅದು ಅಥೆನ್ಸ್ ನಗರವೇ. ಕ್ರಿ.ಪೂ. 375-374ರ ಕಾನೂನೊಂದನ್ನು ಕೊರೆದ ಕಲ್ಲು 1970ರಲ್ಲಿ ಅಲ್ಲಿನ ಅಗೋರಾದಲ್ಲಿ, ಅಂದರೆ ಹಳೆಯ ಮಾರುಕಟ್ಟೆ ಚೌಕದಲ್ಲಿ, ಸಿಕ್ಕಿತು. ಅದರ ಪ್ರಕಾರ, ಹಣ ವಿನಿಮಯದ ಮೇಜುಗಳ ನಡುವೆ ಕುಳಿತ ಸರ್ಕಾರಿ ಗುಲಾಮನೊಬ್ಬ ನಾಣ್ಯಗಳನ್ನು ಪರೀಕ್ಷಿಸಬೇಕು. ಒಳಗೆ ತಾಮ್ರ ಅಥವಾ ಸೀಸವಿದ್ದುದನ್ನು ಕೂಡಲೇ ಕತ್ತರಿಸಿ ದೇವಮಾತೆಗೆ ಅರ್ಪಿಸಬೇಕು. ಅವನು ಒಪ್ಪಿದ ನಾಣ್ಯವನ್ನು ನಿರಾಕರಿಸಿದ ವ್ಯಾಪಾರಿಯ ಆ ದಿನದ ಸರಕು ಮುಟ್ಟುಗೋಲಾಗುತ್ತಿತ್ತು. ಪರೀಕ್ಷಕ ಕೆಲಸ ತಪ್ಪಿಸಿದರೆ ಅವನಿಗೆ 50 ಚಾಟಿಯೇಟು.

ಹೀಗಾಗಿ ಕಚ್ಚು ಇದೆಯೇ ಎಂಬುದಕ್ಕಿಂತ ಕಚ್ಚಿನ ಒಳಗೆ ಏನು ಕಾಣುತ್ತದೆ ಎಂಬುದೇ ಮುಖ್ಯ. ಚಿತ್ರವನ್ನು ಹಿಗ್ಗಿಸಿ ನೋಡಿ: ಸೀಳಿನ ಆಳದವರೆಗೂ ಒಂದೇ ಬಗೆಯ ಬೆಳ್ಳಿ ಕಂಡರೆ ಅಂದಿನ ವರ್ತಕನಿಗೆ ಸಮಾಧಾನವಾಗಿರಬೇಕು, ಕೆಂಪು ಅಥವಾ ಹಸಿರು ಕಿಲುಬು ಇಣುಕಿದರೆ ಒಳಗಿರುವುದು ತಾಮ್ರ. ಅಸಲಿ ನಾಣ್ಯದ ಅಚ್ಚಿನಿಂದ ಎರಕ ಹೊಯ್ದ ಇಂದಿನ ನಕಲುಗಳಲ್ಲಿ ಕಚ್ಚೂ ನಕಲಾಗಿರುತ್ತದೆ, ಆದರೆ ಅದರ ಅಂಚು ಉಳಿಯ ಏಟಿನಷ್ಟು ಚೂಪಾಗಿರದೆ ಸಾಮಾನ್ಯವಾಗಿ ಮೊಂಡಾಗಿರುತ್ತದೆ.