ಕಟ್ಟಡದ ಮೌಲ್ಯಮಾಪನದಲ್ಲಿ ಗ್ರೀನ್ (ಪರಿಸರಸ್ನೇಹಿ ಕಟ್ಟಡ ಅನ್ನೋ) ಸರ್ಟಿಫಿಕೇಟ್‌ಗೆ ಸೇರಿಸಿದ 8% ಯಾಕೆ ರಿಜೆಕ್ಟ್ ಆಯ್ತು ಅನ್ನೋ ಪ್ರಶ್ನೆಗೆ

ಒಂದೇ ಲಾಭನ ಎರಡು ಸಲ ಲೆಕ್ಕ ಹಾಕಿದೀರ ಅನ್ಸತ್ತೆ. ಬಾಡಿಗೆ ಆದಾಯದ ಮೇಲೆ ಕಟ್ಟಡದ ಮೌಲ್ಯ ಕಟ್ಟಿ, ಕೊನೇಲಿ ಸರ್ಟಿಫಿಕೇಟ್ ಇದೆ ಅಂತ ಮತ್ತೆ 8% ಸೇರ್ಸಿದೀರಲ್ಲ, ಬ್ಯಾಂಕ್ ರಿವ್ಯೂನವರು ಹಿಡಿದಿರೋದು ಅದನ್ನೇ. ಜಾಸ್ತಿ ಬಾಡಿಗೆ ಬರ್ತಿದ್ರೆ ಅದರ ಬೆಲೆ ಅಲ್ಲೇ ಆಗ್ಲೇ ಸೇರಿರತ್ತೆ. ನಾನೂ ಒಂದ್ಸಲ ಹೀಗೇ ಬೈಸ್ಕೊಂಡಿದೀನಿ.

ಮೊದ್ಲು ಆ 8% ಸಾಲು ತೆಗೀರಿ. ಆಮೇಲೆ ಲೀಸ್ ತೆಗೆದು ಕರೆಂಟ್ ಬಿಲ್ ಕಟ್ಟೋದು ಯಾರು ಅಂತ ನೋಡಿ, ಬಾಡಿಗೆದಾರರೇ ಕಟ್ಟೋದಾದ್ರೆ ಉಳಿತಾಯ ಅವರ ಜೇಬಿಗೆ ಹೋಗತ್ತೆ, ಓನರ್ ಆದಾಯಕ್ಕೆ ಸೇರ್ಸೋ ಹಾಗಿಲ್ಲ, ಓನರ್ ಕಟ್ತಿದ್ರೆ ಮಾತ್ರ 12 ತಿಂಗಳ ನಿಜವಾದ ಬಿಲ್ ಹಾಕಿ, ಸರ್ಟಿಫಿಕೇಟಲ್ಲಿರೋ ಅಂದಾಜು ಬೇಡ, ಅದು ಡಿಸೈನ್ ಹೊತ್ತಿಂದು, ಏಸಿ ರಾತ್ರಿಯಿಡೀ ಓಡ್ತಿದ್ರೆ ಅದಕ್ಕೇನ್ ಗೊತ್ತು.

ಸೋಲಾರ್ ಉಳಿತಾಯನೂ ಶಾಶ್ವತ ಅಂತ ಕ್ಯಾಪಿಟಲೈಸ್ ಮಾಡ್ಬೇಡಿ (ಅಂದ್ರೆ ವರ್ಷದ ಉಳಿತಾಯನ ಕಟ್ಟಡದ ಮೌಲ್ಯವಾಗಿ ಬದಲಾಯಿಸ್ಬೇಡಿ). ಪ್ಯಾನೆಲ್ 25 ವರ್ಷ ಬಂದ್ರೂ ಇನ್ವರ್ಟರ್ ಸುಮಾರು 10–12 ವರ್ಷಕ್ಕೆ ಬದಲಾಯಿಸ್ಬೇಕಾಗತ್ತೆ, ಡಿಸಿಎಫ್‌ನಲ್ಲಿ (ಮುಂದಿನ ವರ್ಷಗಳ ಆದಾಯ, ಖರ್ಚನ್ನ ಇವತ್ತಿನ ಮೌಲ್ಯಕ್ಕೆ ತರೋ ಲೆಕ್ಕ) ಆ ಖರ್ಚನ್ನ ಆ ವರ್ಷಕ್ಕೇ ತೋರ್ಸಿ.

ಯೀಲ್ಡ್ (ಬೆಲೆಯ ಮೇಲೆ ವರ್ಷಕ್ಕೆ ಬರೋ ಆದಾಯದ ಶೇಕಡಾವಾರು, ಇದನ್ನ ಇಳಿಸಿದ್ರೆ ಮೌಲ್ಯ ಏರತ್ತೆ) ಕಮ್ಮಿ ಮಾಡ್ಬೋದಾ ಅನ್ನೋದು ನಿಮ್ಮ ಕಂಪೇರಬಲ್ಸ್ (ಹೋಲಿಕೆಗೆ ತಗೊಂಡಿರೋ ಮಾರಾಟಗಳು) ನೋಡದೆ ಹೇಳಕ್ಕಾಗಲ್ಲ. ಸರ್ಟಿಫಿಕೇಟ್ ಇರೋ, ಇಲ್ದಿರೋ ಎರಡೂ ಥರದ ಮಾರಾಟ ಸಿಕ್ಕಿ, ಜಾಗ, ಕಟ್ಟಡದ ವಯಸ್ಸು ಎಲ್ಲ ಸರಿಹೊಂದ್ಸಿದ ಮೇಲೂ ವ್ಯತ್ಯಾಸ ಉಳಿದ್ರೆ ಮಾಡಿ. ಸಿಗ್ಲಿಲ್ವಾ, ಯೀಲ್ಡ್ ಮುಟ್ಬೇಡಿ, ರಿಪೋರ್ಟಲ್ಲಿ ಸರ್ಟಿಫಿಕೇಟ್ ಬಗ್ಗೆ ಒಂದು ಪ್ಯಾರಾ ಬರೀರಿ. 2025ರ ಜನವರಿ 31ರಿಂದ ಜಾರಿಯಲ್ಲಿರೋ ಅಂತರರಾಷ್ಟ್ರೀಯ ಮೌಲ್ಯಮಾಪನ ಮಾನದಂಡ, ಅಂದ್ರೆ ಐವಿಎಸ್‌ನ 104ರಲ್ಲಿ ಇಎಸ್‌ಜಿ (ಪರಿಸರ, ಸಾಮಾಜಿಕ, ಆಡಳಿತ ಅಂಶಗಳು) ಬಗ್ಗೆ ಅನುಬಂಧ ಇದೆ, ಅದನ್ನ ನೋಡ್ಕೊಂಡು ಬರೆದ್ರೆ ರಿವ್ಯೂನವರು ಅಷ್ಟು ಕೊಕ್ಕೆ ಹಾಕಲ್ಲ.