ಹೊರಗಿನವಳೆಂಬ ಭಾವನೆ ಹೋಗಲಿಲ್ಲ, ಅದಕ್ಕೊಂದು ಕೆಲಸ ಸಿಕ್ಕಿತು

ಚಿಕ್ಕಂದಿನಿಂದಲೂ ಮನೆಯವರ ನಡುವೆಯಾಗಲಿ ಗೆಳೆಯರ ನಡುವೆಯಾಗಲಿ ಹೊರಗಿನವರಂತೆಯೇ ಅನ್ನಿಸುತ್ತದೆ ಎಂದು ಬರೆದು, ಸತ್ಯವೇದವನ್ನು (ಬೈಬಲನ್ನು) ನಂಬಿದರೆ ಬದುಕಿಗೆ ಉದ್ದೇಶ ಸಿಗುತ್ತದೆ ಎಂಬುದು ನಿಜವೋ ಅಥವಾ ಬರೀ ಸಮಾಧಾನದ ಮಾತೋ ಎಂದು ನೀವು ಕೇಳಿದ್ದೀರಿ. ನನ್ನ ಮಟ್ಟಿಗೆ ಅದು ನಿಜವಾಗಿದೆ. ಆದರೆ ಹೊರಗಿನವಳೆಂಬ ಭಾವನೆ ಇಂದಿಗೂ ನನ್ನನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನ ಸೇರಿ ನಗುತ್ತಿರುವಾಗ ಎಲ್ಲರಿಗಿಂತ ಅರೆಕ್ಷಣ ತಡವಾಗಿ ನಗುವುದು, ಮನೆಗೆ ಬಂದ ಮೇಲೆ ಆಡಿದ ಒಂದೊಂದು ಮಾತನ್ನೂ ಮತ್ತೆ ಮತ್ತೆ ಕೆದಕುತ್ತಾ ಕೂರುವುದು ಈಗಲೂ ಇದೆ.

ಸತ್ಯವೇದವನ್ನು ಗಮನವಿಟ್ಟು ಓದತೊಡಗಿದಾಗ ನನಗೆ ಮೊದಲು ಕಂಡದ್ದು, ಅದರಲ್ಲಿ ಎಲ್ಲಿಯೂ ಪೂರ್ತಿಯಾಗಿ ಸೇರದ ಜನರೇ ತುಂಬಿದ್ದಾರೆ ಎಂಬುದು. ದೇಶವನ್ನೇ ಕೊಡುತ್ತೇನೆಂಬ ವಾಗ್ದಾನ ಪಡೆದ ಅಬ್ರಹಾಮನು, ಹೆಂಡತಿ ಸಾರಳು ತೀರಿಕೊಂಡಾಗ, ನಾನು ನಿಮ್ಮಲ್ಲಿ ಪರದೇಶಿ ಎಂದು ಆ ನಾಡಿನವರಾದ ಹಿತ್ತಿಯರ ಮುಂದೆ ಹೇಳಿಕೊಂಡು, 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಸಮಾಧಿಯ ನೆಲವನ್ನು ಕೊಂಡುಕೊಳ್ಳಬೇಕಾಯಿತು. ಯೇಸುವಿನ ಸ್ವಂತ ಮನೆಯವರೇ ಅವನಿಗೆ ಬುದ್ಧಿ ಕೆಟ್ಟಿದೆಯೆಂದು ಹಿಡಿದು ತರಲು ಹೊರಟರೆಂದು ಮಾರ್ಕನು ಬರೆಯುತ್ತಾನೆ. ಇಂಥ ಸಂಗತಿಗಳನ್ನು ಮುಚ್ಚಿಡದ ಪುಸ್ತಕದ ಮೇಲೆ ನನಗೆ ವಿಶ್ವಾಸ ಹುಟ್ಟಿತು.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರವಾದದ್ದು ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿರುವ ಎಲೀಯನ ಕಥೆ. ಪ್ರಾಣಭಯದಿಂದ ಅಡವಿಗೆ ಓಡಿಹೋದ ಪ್ರವಾದಿ ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಳ್ಳುತ್ತಾನೆ. ಆಗ ಅವನಿಗೆ ಉಪದೇಶ ಸಿಗುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಸಿಗುತ್ತವೆ, ತಿಂದು ಮತ್ತೆ ಮಲಗಲು ಬಿಡುವೂ ಸಿಗುತ್ತದೆ. ನೊಂದವರನ್ನು ಕಂಡ ಕೂಡಲೇ ವಚನ ಹೇಳಲು ಮುಂದಾಗುವ ನಮ್ಮಂಥ ವಿಶ್ವಾಸಿಗಳು ಈ ಭಾಗವನ್ನು ಆಗಾಗ ಓದಬೇಕು. ಅನಂತರ ಹೋರೇಬ್ ಬೆಟ್ಟದಲ್ಲಿ, ಎಲೀಯನೇ, ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಎರಡು ಸಲ ಕೇಳುತ್ತಾನೆ. ನಾನೊಬ್ಬನೇ ಉಳಿದಿದ್ದೇನೆ ಎಂಬ ಅದೇ ಉತ್ತರವನ್ನು ಎಲೀಯನು ಎರಡು ಸಲವೂ ಒಪ್ಪಿಸುತ್ತಾನೆ.

ದೇವರ ಮಾತು ಬರೀ ಸಮಾಧಾನಕ್ಕಾಗಿ ಇದ್ದಿದ್ದರೆ, ಹೌದು, ನಿನ್ನಂಥವನು ಇನ್ನೊಬ್ಬನಿಲ್ಲ ಎಂದು ಹೇಳಿ ಅವನನ್ನು ಸಂತೈಸಬಹುದಿತ್ತು. ಆದರೆ ಸಿಕ್ಕ ಉತ್ತರ ಬೇರೆ: ಹೊರಟ ದಾರಿಯಲ್ಲೇ ಹಿಂದಿರುಗು, ಇಂಥಿಂಥವರನ್ನು ಅಭಿಷೇಕಿಸು, ನಿನ್ನ ಸ್ಥಾನಕ್ಕೆ ಎಲೀಷನನ್ನು ಕರೆ, ಮತ್ತು ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7000 ಜನರನ್ನು ನಾನು ಉಳಿಸಿಕೊಳ್ಳುವೆನು. ಮಾಡಲು ಕೆಲಸ, ಜೊತೆಗೊಬ್ಬ ಮನುಷ್ಯ, ಮತ್ತು ಅವನ ಲೆಕ್ಕವೇ ತಪ್ಪೆಂಬ ಸುದ್ದಿ, ಮೂರೂ ಒಟ್ಟಿಗೇ ಬಂದವು. ನಾನೊಬ್ಬಳೇ ಹೀಗೆ ಎಂಬ ನನ್ನ ಎಣಿಕೆಯನ್ನು ಮೊದಲ ಬಾರಿಗೆ ಅನುಮಾನಿಸಿದ್ದು ಈ ಅಧ್ಯಾಯವನ್ನು ಓದಿದಾಗ. ಆ ಎಣಿಕೆಯಲ್ಲಿ ದುಃಖದ ಜೊತೆಗೆ ಕೊಂಚ ಹೆಮ್ಮೆಯೂ ಬೆರೆತಿರುತ್ತದೆ ಎಂದು ನನಗನ್ನಿಸುತ್ತದೆ.

ರೂತಳ ವಿಷಯವೂ ಹೀಗೆಯೇ. ಮೋವಾಬೆಂಬ ಪರದೇಶದಿಂದ ಬಂದ ಈ ವಿಧವೆ ಬೆತ್ಲೆಹೇಮಿನ ಹೊಲಗಳಲ್ಲಿ ಕೊಯ್ಯುವವರ ಹಿಂದೆ ಹಕ್ಕಲಾಯುತ್ತಾಳೆ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಉದುರಿದ ತೆನೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದಲ್ಲಿ ಆಜ್ಞೆಯೇ ಇತ್ತು. ನನ್ನ ಬದುಕಿನ ಉದ್ದೇಶವೇನೆಂದು ಅವಳು ಒಮ್ಮೆಯೂ ಕೇಳುವುದಿಲ್ಲ. ಅತ್ತೆಯ ಕೈ ಬಿಡಲಿಲ್ಲ, ಸಂಜೆಯವರೆಗೂ ಆಯ್ದ ಜವೆಗೋದಿಯನ್ನು ಬಡಿದು ಮನೆಗೆ ಹೊತ್ತು ತಂದಳು, ಅಷ್ಟೇ. ಅವಳು ಅರಸನಾದ ದಾವೀದನ ಮುತ್ತಜ್ಜಿಯಾದಳೆಂಬುದು ಪುಸ್ತಕದ ಕೊನೆಯ ಸಾಲುಗಳಲ್ಲಿ ನಮಗೆ ತಿಳಿಯುತ್ತದೆಯೇ ಹೊರತು ಹೊಲದಲ್ಲಿ ಬಗ್ಗಿ ನಿಂತಿದ್ದಾಗ ಅವಳಿಗೆ ತಿಳಿದಿರಲಿಲ್ಲ. ಉದ್ದೇಶವೆಂಬುದು ಮೊದಲು ಸ್ಪಷ್ಟವಾಗಿ ಕಾಣಬೇಕು, ಆಮೇಲೆ ಬದುಕು ಶುರುವಾಗಬೇಕು ಎಂದು ಕಾಯುತ್ತಿದ್ದ ನನಗೆ ಇದರಿಂದ ದೊಡ್ಡ ಬಿಡುಗಡೆ ಸಿಕ್ಕಿತು.

ಇನ್ನು ನನ್ನ ಪಾಲಿಗೆ ಬಂದ ಕೆಲಸದ ಬಗ್ಗೆ ಹೇಳುವುದಾದರೆ, ಅದು ಬಹಳ ಚಿಕ್ಕದು. ಸಭೆಗೆ ಹೋಗಲಾರಂಭಿಸಿದ ದಿನಗಳಲ್ಲಿ ನನಗೆ ಆರಾಧನೆಗಿಂತ ಕಷ್ಟವಾಗುತ್ತಿದ್ದದ್ದು ಅದು ಮುಗಿದ ನಂತರ ಎಲ್ಲರೂ ಗುಂಪುಗುಂಪಾಗಿ ನಿಂತು ಮಾತನಾಡುವ ಹೊತ್ತು. ಆಗ ನಾನು ಆಗಲೇ ಸರಿಯಾಗಿ ಜೋಡಿಸಿಟ್ಟ ಕೀರ್ತನೆ ಪುಸ್ತಕಗಳನ್ನು ಮತ್ತೊಮ್ಮೆ ಜೋಡಿಸುತ್ತಾ ಇರುತ್ತಿದ್ದೆ. ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶಿಗಳಾಗಿದ್ದವರಾದ್ದರಿಂದ ಪರದೇಶಿಯ ಮನಸ್ಸು ಎಂಥದೆಂದು ಬಲ್ಲಿರಿ, ಆದಕಾರಣ ಅವನನ್ನು ಬಾಧಿಸಬೇಡಿರಿ ಎಂಬರ್ಥದ ಮಾತು ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿದೆ. ಅದನ್ನು ಓದಿದ ಮೇಲೆ, ಬಾಗಿಲ ಬಳಿ ನಿಂತು ಒಂದೇ ಸೂಚನಾ ಫಲಕವನ್ನು ತುಂಬ ಹೊತ್ತು ಓದುತ್ತಿದ್ದವರ ಮೇಲೆ ನನ್ನ ಕಣ್ಣು ಬೀಳತೊಡಗಿತು. ಆ ಓದು ಎಂಥದೆಂದು ನನಗೆ ಗೊತ್ತು. ಒಳಗಿನವರಾಗಿಯೇ ಬೆಳೆದವರಿಗೆ ಅದು ಕಾಣುವುದಿಲ್ಲ. ಈಗ ಅಂಥವರ ಪಕ್ಕಕ್ಕೆ ಹೋಗಿ ನಿಲ್ಲುತ್ತೇನೆ, ಯಾರು ಏನು ಎಂದು ವಿಚಾರಿಸದೆ ಸುಮ್ಮನೆ ಎರಡು ಮಾತನಾಡುತ್ತೇನೆ, ಮುಂದಿನ ಬಾರಿ ಬಂದರೆ ಜೊತೆಯಲ್ಲಿ ಕೂರುತ್ತೇನೆ. ದೇವರು ನನ್ನ ಕೈಗೆ ಕೊಟ್ಟ ಕೆಲಸ ಇದೆಂದು ನಾನು ನಂಬಿದ್ದೇನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಶ್ವಾಸಿಗಳು ಈ ಲೋಕದಲ್ಲಿ ಪ್ರವಾಸಿಗಳು ಎಂಬ, ಯೇಸುವಿನ ಶಿಷ್ಯ ಪೇತ್ರನ ಮಾತನ್ನು ಹಿಡಿದುಕೊಂಡು ಜನರಿಂದ ದೂರ ಸರಿಯುವವರಿದ್ದಾರೆ. ಪೇತ್ರನಾದರೋ ಅದೇ ಉಸಿರಿನಲ್ಲಿ, ಸುತ್ತಲಿನವರು ನಿಮ್ಮ ಒಳ್ಳೆಯ ಕೆಲಸಗಳನ್ನು ನೋಡುವಂತೆ ಅವರ ನಡುವೆ ಬಾಳಿರಿ ಎನ್ನುತ್ತಾನೆ. ಬಾಬೆಲೆಂಬ ಪರನಾಡಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿಯೂ ಎಲ್ಲರೂ ಎತ್ತಿ ಹೇಳುವ ನಿರೀಕ್ಷೆಯ ವಚನಕ್ಕೆ ಮೊದಲು, ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಬಯಸಿರಿ ಎಂಬ ಮಾತುಗಳಿವೆ.

ಎಲೀಯನಂತೆ ನಿಮಗೂ ಬದುಕೇ ಸಾಕೆನ್ನಿಸುತ್ತಿದ್ದರೆ ಅದನ್ನು ಇಂದೇ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯರನ್ನೂ ಕಾಣಿ. ಪ್ರಾರ್ಥಿಸುವವರು ವೈದ್ಯರ ಬಳಿ ಹೋಗುವುದು ಅವಿಶ್ವಾಸವಲ್ಲ. ಹಾಗಿಲ್ಲದಿದ್ದರೆ, ಉದ್ದೇಶದ ಬಗೆಗಿನ ವಚನಗಳನ್ನು ಹುಡುಕುವುದನ್ನು ಸದ್ಯಕ್ಕೆ ಬಿಟ್ಟು, ರೂತಳ ಪುಸ್ತಕವನ್ನು ಒಂದೇ ಬಾರಿಗೆ ಕುಳಿತು ಓದಿ. ಬರೀ ನಾಲ್ಕು ಅಧ್ಯಾಯ. ಓದುವಾಗ ನಿಮಗೆ ಒಪ್ಪಿಗೆಯಾಗದ್ದು ಎಲ್ಲಿ ಬಂತೆಂದು ಗುರುತು ಮಾಡಿಕೊಂಡರೆ, ಮುಂದಿನ ಮಾತನ್ನು ಅಲ್ಲಿಂದ ಶುರುಮಾಡಬಹುದು.